ಬಾಗಿಲ ಹಿಂದಿನ ನೀಲಿ ಅಂಗಿ

ಕೆಸರೆ, ಮೈಸೂರು
10 ಮಾರ್ಚ್ 2024

ಮಗಳೇ ಧರಣಿ,

ಮೊದಲು ಎಲ್ಲರ ಆರೋಗ್ಯ ಹೇಳು, ಆಮೇಲೆ ಮಿಕ್ಕಿದ್ದು. ಬಿಸಿಲಿಗೆ ಬರುತ್ತಿದ್ದ ನಿನ್ನ ಅರೆತಲೆನೋವು ಹೇಗಿದೆ? ಲಿಂಗಣ್ಣನ ಸೊಂಟ ಸರಿಹೋಯಿತೆ, ಇಲ್ಲ ಯಜಮಾನನಾದ ಮೇಲೂ ಮೂಟೆ ತಾನೇ ಹೊರುತ್ತಾನೆಯೆ? ನಿನಗೆ ಅವನು ಲಿನ್, ನನ್ನ ನಾಲಿಗೆಗೆ ಲಿಂಗಣ್ಣನೇ. ನಿನ್ನ ರೂಮಿನ ಜೊತೆಗಾತಿ ನೀಮಾಳ ತಾಯಿಗೆ ಮಲೇರಿಯಾ ಎಂದಿದ್ದೆಯಲ್ಲ, ಎದ್ದು ಓಡಾಡುತ್ತಿದ್ದಾರಾ? ಲಿಂಗಣ್ಣನ ಊರಿನವರು, ಚಪ್ಪಲಿ ಅಂಗಡಿಯ ಚೆನ್ ಅಜ್ಜ, ಅವರ ಕಣ್ಣಿನ ಪೊರೆ ತೆಗೆಸಿದರಾ? ಇಲ್ಲಿ ಮನೋಹರನಿಗೆ ಆಟೋ ಓಡಿಸಿ ಓಡಿಸಿ ಬೆನ್ನು ಹಿಡಿದುಕೊಂಡಿದೆ. ನನಗೆ ಮಂಡಿ. ಅದು ಬಿಟ್ಟರೆ ನಿನ್ನ ದೊಡ್ಡವ್ವ ಗಟ್ಟಿ.

ಫೋನು ಮಾಡಬಾರದಾ, ಕಾಗದ ಯಾಕೆ ಅಂತ ಕೇಳಿದ್ದೀಯ. ಫೋನು ನನ್ನ ಮಗ ಮನೋಹರನದು. ಅವನು ಪಕ್ಕದಲ್ಲೇ ನಿಂತು 'ಬೇಗ ಅವ್ವ, ಬಾಡಿಗೆ ಕಾಯ್ತದೆ' ಅಂತಾನೆ. ಹಾಗೆ ಆತುರದಲ್ಲಿ ಏನು ಮಾತಾಡಲಿ? ನಲವತ್ತಾರನೇ ವಯಸ್ಸಿಗೆ ಅಕ್ಷರ ಕಲಿತವಳು ನಾನು, ಗಂಧದಕಡ್ಡಿ ಪೊಟ್ಟಣದ ಮೇಲಿನ ಹೆಸರು ಕೂಡಿಸಿ ಕೂಡಿಸಿ. ಕಲಿತಿದ್ದನ್ನು ಯಾರಿಗಾದರೂ ಬರೆಯಬೇಡವೆ? ಮೇಟಗಳ್ಳಿ ಫ್ಯಾಕ್ಟರಿಯಿಂದ ಕಡಲಾಚೆಯ ನಿಮ್ಮ ಗೋಡೌನಿಗೆ ಬರುವ ಸ್ಯಾಂಪಲ್ ಡಬ್ಬದಲ್ಲಿ ಇದನ್ನು ಇಟ್ಟು ಕಳಿಸುತ್ತೇನೆ ಎಂದು ಪ್ಯಾಕಿಂಗಿನ ಮಹದೇವಯ್ಯ ಒಪ್ಪಿದ್ದಾನೆ. ಬಿಚ್ಚಿದಾಗ ಮಲ್ಲಿಗೆ ವಾಸನೆ ಬಂದರೆ ನನ್ನದಲ್ಲ, ಡಬ್ಬದ್ದು.

ಹೋದ ವಾರ ಹಿಂದಿನ ಬೀದಿಯ ಲೋಕೇಶ ಬಂದಿದ್ದ. 'ಮಂಚಕ್ಕ, ಮೇಲ್ಗಡೆ ರೂಮು ನಾಕು ವರ್ಷದಿಂದ ಸುಮ್ನೆ ಬಿದ್ದದೆ, ನಮ್ ಬಾಮೈದಂಗೆ ಕೊಟ್ಬುಡು' ಎಂದ. ಕೊಡಲ್ಲ ಎಂದೆ. 'ಯಾಕೆ, ಆ ಚೀನಾದೋನು ವಾಪಸ್ ಬತ್ತಾನೆ ಅಂತ ಕಾಯ್ತಿದ್ದೀಯಾ?' ಎಂದು ನಕ್ಕ. ಕೊರೊನಾ ಕಾಲದಲ್ಲಿ ಇದೇ ಲೋಕೇಶ ನಮ್ಮ ಬಾಗಿಲಲ್ಲಿ ನಿಂತು 'ಕೊರೊನಾನೇ ಮನೇಲಿ ಮಡಿಕ್ಕೊಂಡು ಅನ್ನ ಇಕ್ತಾವ್ಳೆ' ಎಂದು ಕೂಗಾಡಿರಲಿಲ್ಲವೆ? 'ಅವ್ನು ಬಂದು ಎಂಟು ತಿಂಗ್ಳಾಯ್ತು ಕಣೋ, ಕೊರೊನಾ ಏನು ಬಸ್ ತಪ್ಪುಸ್ಕೊಂಡು ಹಿಂದ್ಗಡೆಯಿಂದ ಬಂತಾ?' ಎಂದು ನಾನು ಪೊರಕೆ ಎತ್ತಿದ್ದೆ. ನೀನು ಮೆಟ್ಟಿಲ ಮೇಲೆ ಕೂತು ಲಿಂಗಣ್ಣನಿಗೆ ಅದನ್ನೆಲ್ಲ ಬಿಡಿಸಿ ಹೇಳಿ ನಗುತ್ತಿದ್ದೆ.

ಲೋಕೇಶ ಹೋದ ಮೇಲೆ ಮೇಲೆ ಹತ್ತಿ ನೋಡಿದೆ. ಬಾಗಿಲ ಹಿಂದಿನ ಮೊಳೆಯಲ್ಲಿ ಲಿಂಗಣ್ಣನ ನೀಲಿ ಅಂಗಿ ಹಾಗೇ ಇದೆ. ಜೂನ್ ತಿಂಗಳಲ್ಲಿ ವಿಶೇಷ ವಿಮಾನ ಬಿಟ್ಟಿದ್ದಾರೆ ಎಂದು ಗಡಿಬಿಡಿಯಲ್ಲಿ ಹೊರಟವನು ಅಲ್ಲೇ ಮರೆತುಹೋದದ್ದು. ಆಮೇಲೆ ಅಲ್ಲಿ ಗೋಡೌನು ಹಾಕಿ ನಿನ್ನನ್ನೂ ಕೆಲಸಕ್ಕೆ ಕರೆಸಿಕೊಂಡ, ಅಂಗಿ ಮಾತ್ರ ಇಲ್ಲೇ ಉಳಿಯಿತು. ಕಂಕುಳಲ್ಲಿ ಬೆವರಿನ ಕಲೆ, ತೋಳಿನ ಮೇಲೆ ಮಿಷನ್ ಎಣ್ಣೆ. ಬಂದಾಗ ಅವನೇ ತೆಗೆದುಕೊಳ್ಳಲಿ ಎಂದು ಬಿಟ್ಟಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬರೆಯಲು ಬಿಡು. ಅವನು ಬಂದ ಮೊದಲ ದಿನ ಒಳ್ಳೆಯದಾಗಲಿ ಎಂದು ಬುದ್ಧನ ಫೋಟೋದ ಮುಂದೆ ಬಟ್ಟಲು ಅಕ್ಕಿ ಇಟ್ಟು, ಅದಕ್ಕೆ ಮೂರು ಗಂಧದಕಡ್ಡಿ ಚುಚ್ಚಿ ಹಚ್ಚಿದ್ದೆ. ಹೊಸಿಲಲ್ಲೇ ನಿಂತುಬಿಟ್ಟ. ಮುಖಕ್ಕೆ ಸುಣ್ಣ ಬಳಿದ ಹಾಗಿತ್ತು. ಅನ್ನದಲ್ಲೋ ಅಕ್ಕಿಯಲ್ಲೋ ಕಡ್ಡಿ ನೆಡುವುದು ಅವರಲ್ಲಿ ಸತ್ತವರಿಗೆ ಮಾತ್ರ ಎಂದು ನೀನು ಫೋನಿನಲ್ಲಿ ಭಾಷೆ ತಿರುಗಿಸಿ ಓದಿದೆ. 'ಬದುಕಿರೋನಿಗೆ ತಿಥಿ ಮಾಡ್ಬುಟ್ಟೆಯಲ್ಲ ದೊಡ್ಡವ್ವ!' ಎಂದೆ. ನಾನು ನಾಚಿಕೆಯಿಂದ ಕಡ್ಡಿ ಕಿತ್ತೆ. ಅವನು ಅವತ್ತು ಕಲಿತ ಮೊದಲ ಕನ್ನಡದ ಮಾತು 'ಬೇಡ'.

ಅವನು ಚೀನಾದಿಂದ ಬಂದು ನಮ್ಮ ಮೇಲಿನ ರೂಮು ಹಿಡಿದದ್ದು ಫ್ಯಾಕ್ಟರಿಯಲ್ಲಿ ಕಡ್ಡಿ ಹೊಸೆಯುವ ಮಿಷನ್ನು ಕೂಡಿಸಲು. ಅದು ಓಡಿದ ದಿನ ಕೈಯಲ್ಲಿ ಹೊಸೆಯುವ ನಮ್ಮಂಥವರ ಮಣೆ ಮೂಲೆ ಸೇರಿತು. ಆಮೇಲೆ ಲಾಕ್‌ಡೌನಿನಲ್ಲಿ ಅದೇ ಮಣೆ ಇಳಿಸಿಕೊಂಡು 'ಕಲಿಸು' ಎಂದು ಕೂತ. ಕಡ್ಡಿಗೆ ಮೆತ್ತುವ ಗಂಧದ ಮಸಾಲೆ ಮಿಷನ್ನಿನವನ ಕೈಗೆ ಹಿಡಿಯಲೇ ಇಲ್ಲ. ಒಂದು ಕಡೆ ದಪ್ಪ, ಒಂದು ಕಡೆ ಬೋಳು, ಹಲ್ಲಿ ನುಂಗಿದ ಹಾವಿನ ಹಾಗೆ. ನಗಲು ಬೇಕು ಎಂದು ಒಂದು ಹಿಡಿ ಎತ್ತಿಟ್ಟಿದ್ದೆ. ಮೊನ್ನೆ ಹುಡುಕಿದರೆ ಸಿಗಲಿಲ್ಲ.

ಅವನನ್ನೂ ಕೇಳಿದೆ ಅನ್ನು. ಬೇಗ ಬರೆ.

ನಿನ್ನ ದೊಡ್ಡವ್ವ
ಮಂಚಮ್ಮ

*

ದಾರ್ ಎಸ್ ಸಲಾಮ್
2 ಮೇ 2024

ದೊಡ್ಡವ್ವ,

ನಿನ್ನ ಕಾಗದ ಮಲ್ಲಿಗೆ ಅಲ್ಲ, ಕೇದಗೆ ವಾಸನೆ ಬರುತ್ತಿತ್ತು. ಗೋಡೌನಿನಲ್ಲಿ ಗಟ್ಟಿಯಾಗಿ ಓದಿದೆ. ಪೊರಕೆಯ ಮಾತಿಗೆ ಲಿನ್ ಅವರು ಡಬ್ಬದ ಮೇಲಿಂದ ಬೀಳುವಷ್ಟು ನಕ್ಕರು. ಎಲ್ಲರೂ ಆರೋಗ್ಯ. ನೀಮಾಳ ತಾಯಿ ಎದ್ದಿದ್ದಾರೆ. ಚೆನ್ ಅಜ್ಜ ಪೊರೆ ತೆಗೆಸಲು ಹೆದರಿ, 'ಇಪ್ಪತ್ತು ವರ್ಷದಿಂದ ಇದೇ ಬೀದಿ, ಕಣ್ಣು ಯಾಕೆ?' ಅಂತಾರೆ.

ಈಗ ಇಲ್ಲಿ ಮಳೆಗಾಲ. ಮಾರುಕಟ್ಟೆಯ ಓಣಿ ಕೆಸರೋ ಕೆಸರು. ಮೇಟಗಳ್ಳಿಯಿಂದ ಬರುವ ಬರಿಯ ಕಡ್ಡಿಯನ್ನು ಸೆಂಟಿನಲ್ಲಿ ಅದ್ದಿ, ಒಣಗಿಸಿ, ಪೊಟ್ಟಣ ಕಟ್ಟುವುದು ನಮ್ಮ ಕೆಲಸ. ಕಾಂಗೋ, ಜಾಂಬಿಯಾದಿಂದ ಲಾರಿಯವರು ಬಂದು ಒಯ್ಯುತ್ತಾರೆ. ಈ ಬೀದಿಯಲ್ಲಿ ಲಿನ್ ಅವರ ಊರಿನವರೇ ನಲವತ್ತು ಜನ. ಒಬ್ಬ ಚಪ್ಪಲಿ, ಒಬ್ಬ ಬೀಗ, ಒಬ್ಬ ಪ್ಲಾಸ್ಟಿಕ್ ಹೂವು. ಮೇಲೆ ಒಂದೇ ಮನೆಯಲ್ಲಿ ಹನ್ನೆರಡು ಜನ ಮಲಗುತ್ತಾರೆ, ಒಬ್ಬನೇ ಅಡುಗೆಯವನು. ಲಿನ್ ಅವರ ಹಾಸಿಗೆ ಮಾತ್ರ ಗೋಡೌನಿನಲ್ಲಿ. ಹೊರಗಿನಿಂದ ನೋಡಿದರೆ ದೊಡ್ಡ ವ್ಯಾಪಾರಸ್ಥರು ಅನ್ನಿಸುತ್ತದೆ. ಒಳಗೆ ಎಲ್ಲರ ದಿಂಬಿನ ಕೆಳಗೂ ಊರಿನ ಫೋಟೋ. ಲಿನ್ ಅವರ ತಾಯಿ ಊರಿನ ಕಡಲ ದಡದಲ್ಲಿ ಕೂತು ಸಿಂಪಿ ಒಡೆದು ಮಾಂಸ ಬಿಡಿಸುತ್ತಾರಂತೆ. ಬೆರಳ ತುಂಬ ಗಾಯ. ವಾರಕ್ಕೊಮ್ಮೆ ಫೋನಿನಲ್ಲಿ ಆ ಬೆರಳು ತೋರಿಸಿ ಬಯ್ಯುತ್ತಾರೆ.

ಭಾನುವಾರ ಮೀನಿನ ಉಂಡೆಯ ಸಾರು. ಎಲ್ಲಕ್ಕಿಂತ ದೊಡ್ಡ ಉಂಡೆ ನನ್ನ ಬಟ್ಟಲಿಗೆ ಬರುತ್ತದೆ, ಯಾರೂ ನೋಡದ ಹಾಗೆ. ಲಿನ್ ಅವರೂ ನಾನೂ ಜಗಳ ಆಡುವುದು ಕನ್ನಡದಲ್ಲಿ. ಸುತ್ತ ಯಾರಿಗೂ ಅರ್ಥವಾಗುವುದಿಲ್ಲ, ಹಾಗಾಗಿ ಧೈರ್ಯ. 'ಸುಮ್ನೆ ಕೂತ್ಕೊಳೇ' ಅಂತ ನಿನ್ನ ಹಾಗೇ ಅಂತಾರೆ.

ಒಂದೇ ತೊಂದರೆ ಅವರ ಕಾಗದಪತ್ರ. ಇಲ್ಲಿರಲು ಕೊಟ್ಟ ಅನುಮತಿ ಪಾಲುದಾರನ ಹೆಸರಿನ ಕಂಪನಿಯಲ್ಲಿತ್ತು. ಅವನು ಕಂಪನಿ ಮುಚ್ಚಿ ಬೇರೆ ದೇಶಕ್ಕೆ ಹೋದ. ಹೊಸದಕ್ಕೆ ಅರ್ಜಿ ಹಾಕಿ ಏಳು ತಿಂಗಳಾಯಿತು. ತಪಾಸಣೆಯವರು ಓಣಿಗೆ ಬಂದರೆ ಅವರು ಗೋಡೌನಿನ ಒಳಗೆ ಹೋಗಿ ಕೂರುತ್ತಾರೆ, ನಾನು ಷಟರ್ ಎಳೆದು ಹೊರಗಿನಿಂದ ಬೀಗ ಹಾಕುತ್ತೇನೆ. ನೀಮಾ ನಾನು ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತೇವೆ. ಒಳಗೆ ಯಾರು? ಯಾರೂ ಇಲ್ಲ. ಅರ್ಧ ಗಂಟೆಯಲ್ಲಿ ಅವರು ಹೋಗುತ್ತಾರೆ. ಈ ಬೀದಿಯಲ್ಲಿ ಎಲ್ಲರೂ ಮಾಡುವುದು ಹೀಗೇ. ಹೆದರಬೇಡ.

ಮುಂದಿನ ಅವರ ಹೊಸ ವರ್ಷಕ್ಕೆ ಅವರು ಊರಿಗೆ ಹೋಗಿ ತಾಯಿಯ ಹತ್ತಿರ ಒಂದು ವಿಷಯ ಮಾತಾಡಬೇಕು ಅಂತಿದ್ದಾರೆ. ಆಮೇಲೆ ಬರೆಯುತ್ತೇನೆ.

ಧರಣಿ

*

ಕೆಸರೆ
20 ಜೂನ್ 2024

ಮಗಳೇ,

ಕಾಗದ ಮೂರು ಸಲ ಓದಿದೆ. ಆ 'ಒಂದು ವಿಷಯ' ಏನು ಎಂದು ಕೇಳುವುದಿಲ್ಲ. ನಿನ್ನ ತಾಯಿ ಸತ್ತಾಗ ನೀನು ಆರು ವರ್ಷದವಳು. ಅವತ್ತಿನಿಂದ ನಿನ್ನ ಮುಖ ಓದಿದ್ದೇನೆ. ಹೇಳಬೇಕು ಅನ್ನಿಸಿದಾಗ ಹೇಳು.

ಬೀಗದ ಮಾತು ಮಾತ್ರ ನನಗೆ ಸರಿಬರಲಿಲ್ಲ. ಮನುಷ್ಯನನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಬೇಡ. ಎಲ್ಲರೂ ಮಾಡುತ್ತಾರೆ ಅಂದರೂ ಬೇಡ. ನಾವು ಇಲ್ಲಿ ಲೋಕೇಶನಿಗೆ ಹೆದರಿ ಅವನನ್ನು ಬಚ್ಚಿಟ್ಟೆವಾ? ಬಾಗಿಲು ತೆಗೆದೇ ಇತ್ತು. ಅಲ್ಲಿಯ ಕಾನೂನು ನನಗೆ ಗೊತ್ತಿಲ್ಲ, ಗೊತ್ತಿಲ್ಲದೆ ಮಾತಾಡುತ್ತಿದ್ದೇನೆ. ಆದರೂ ಬೇಡ.

ಸೊಂಟಕ್ಕೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೋ ಎಂದು ಲಿಂಗಣ್ಣನಿಗೆ ಹೇಳು. ಅವನು ಹಚ್ಚುವುದಿಲ್ಲ, ನೀನೇ ಹಚ್ಚು ಎಂದು ಬರೆಯಲು ಹೋಗಿ ನಿಲ್ಲಿಸಿದೆ.

ಮನೋಹರ ಕರೆಯುತ್ತಿದ್ದಾನೆ. ಬರೆ.

ದೊಡ್ಡವ್ವ

*

ದಾರ್ ಎಸ್ ಸಲಾಮ್
5 ನವೆಂಬರ್ 2024

ದೊಡ್ಡವ್ವ,

ಮನೋಹರಣ್ಣನಿಗೆ ಫೋನಿನಲ್ಲಿ ಹೇಳಿದ್ದು ಒಂದೇ ಸಾಲು, ಬೆಂಕಿ ಬಿತ್ತು, ಲಿನ್ ಹೋದರು ಎಂದು. ಮಿಕ್ಕಿದ್ದು ನಿನಗೆ ಬರೆಯಬೇಕು. ಇಷ್ಟು ದಿನ ಪೆನ್ನು ಹಿಡಿಯಲು ಆಗಲಿಲ್ಲ.

ಅಕ್ಟೋಬರ್ ಇಪ್ಪತ್ತೆರಡು, ಮಂಗಳವಾರ, ಮಧ್ಯಾಹ್ನ. ತಪಾಸಣೆಯವರು ಬಂದರು ಎಂದು ಬೀಗದ ಅಂಗಡಿಯ ಹುಡುಗಿ ಕೂಗಿದಳು. ಲಿನ್ ಊಟದ ತಟ್ಟೆ ಹಿಡಿದುಕೊಂಡೇ ಒಳಗೆ ಹೋದರು. 'ಬೇಗ ಹಾಕು' ಎಂದರು. ಹಾಕಿದೆ. ಎಂದಿನಂತೆ ಮೆಟ್ಟಿಲ ಮೇಲೆ ಕೂರಬೇಕಿತ್ತು. ಅವತ್ತು ತಪಾಸಣೆಯವರು ನನ್ನ ಕಾಗದಪತ್ರವನ್ನೂ ಕೇಳಿದರು. ರೂಮಿನಲ್ಲಿದೆ ಎಂದೆ. ಹೋಗಿ ತಾ ಎಂದು ಒಬ್ಬನನ್ನು ಜೊತೆಗೆ ಕಳಿಸಿದರು. ಹೋಗಿ ಬರಲು ಇಪ್ಪತ್ತೈದು ನಿಮಿಷ. ಬೀಗದ ಕೈ ನನ್ನ ಸೊಂಟದಲ್ಲಿತ್ತು. ನೀಮಾಳಿಗೆ ಕೊಟ್ಟು ಹೋಗಬಹುದಿತ್ತು. ತಪಾಸಣೆಯವನ ಎದುರಿಗೆ ಅದನ್ನು ಕೊಟ್ಟರೆ ಒಳಗೆ ಯಾರೋ ಇದ್ದಾರೆ ಎಂದು ಗೊತ್ತಾಗುತ್ತದೆ ಎಂದು ಕೊಡಲಿಲ್ಲ.

ಹಿಂದಿನ ಅಂಗಡಿಯ ವೈರಿನಿಂದ ಹತ್ತಿಕೊಂಡಿದ್ದು ಎಂದು ಆಮೇಲೆ ಹೇಳಿದರು. ಒಳಗೆ ಇದ್ದದ್ದು ಕಡ್ಡಿ, ಸೆಂಟಿನ ಎಣ್ಣೆ, ರಟ್ಟಿನ ಡಬ್ಬ. ನಾನು ಓಣಿಯ ತಿರುವಿಗೆ ಬಂದಾಗ ಮಲ್ಲಿಗೆ, ಶ್ರೀಗಂಧ, ಕೇದಗೆ ಎಲ್ಲ ಒಟ್ಟಿಗೆ ವಾಸನೆ. ಯಾರದೋ ಮನೆಯಲ್ಲಿ ಹಬ್ಬ ಅನ್ನುವ ಹಾಗೆ. ನೀಮಾ ಕಲ್ಲು ಹಿಡಿದು ಬೀಗ ಕುಟ್ಟುತ್ತಿದ್ದಳು. ಅವಳ ಅಂಗೈ ಚರ್ಮ ಷಟರಿಗೆ ಅಂಟಿತ್ತು.

ನೀನು ಜೂನ್ ತಿಂಗಳಲ್ಲೇ ಬೇಡ ಎಂದು ಬರೆದಿದ್ದೆ.

ಚೆನ್ ಅಜ್ಜ ಮುಂದೆ ನಿಂತು ಎಲ್ಲ ಮಾಡಿಸಿದರು. ಬೂದಿಯನ್ನು ಡಬ್ಬದಲ್ಲಿ ತೆಗೆದುಕೊಂಡು ನಾಳೆ ಊರಿಗೆ ಹೊರಡುತ್ತಾರೆ. ಆದರೆ ಬೂದಿ ಸಾಲದಂತೆ. ಅವರ ಕಡೆ ಹೊರದೇಶದಲ್ಲಿ ಸತ್ತವರನ್ನು ಕರೆತರಲು ಒಂದು ಕ್ರಮ ಇದೆ. ಅವರು ತೊಟ್ಟ ಬಟ್ಟೆಯನ್ನು ಹಿಡಿದು, ಕಡಲ ದಡದಲ್ಲಿ ನಿಂತು, ತಾಯಿ ಅವರನ್ನು ಹೆಸರು ಹಿಡಿದು ಕರೆಯಬೇಕು. ಸತ್ತವರು ಆ ಬಟ್ಟೆಯ ಗುರುತು ಹಿಡಿದು ಅದರೊಳಗೆ ಬಂದು ಸೇರುತ್ತಾರೆ. ಆಮೇಲೆ ಮನೆಗೆ ಒಯ್ದು, ಹಿರಿಯರ ಹಲಗೆಗಳ ಪಕ್ಕದಲ್ಲಿ ಅವರ ಹೆಸರು ಬರೆದ ಹಲಗೆ ಇಡುತ್ತಾರೆ. ಇಲ್ಲದಿದ್ದರೆ ಪರರ ಹೊಸಿಲಲ್ಲಿ ಅಲೆಯುತ್ತಾರಂತೆ. ತಾಯಿ ಫೋನಿನಲ್ಲಿ ಅಂಗಿ ಕಳಿಸಿ, ಒಂದು ಅಂಗಿ ಕಳಿಸಿ ಎಂದು ಅಳುತ್ತಿದ್ದಾರೆ. ಲಿನ್ ಇರುತ್ತಿದ್ದದ್ದು ಗೋಡೌನಿನಲ್ಲೇ. ಪೆಟ್ಟಿಗೆ, ಹಾಸಿಗೆ, ಚಪ್ಪಲಿ, ಒಂದೂ ಉಳಿದಿಲ್ಲ.

ಈ ಭೂಮಿಯ ಮೇಲೆ ಅವರ ಮೈಮೇಲಿದ್ದದ್ದು ಅಂತ ಇನ್ನು ಇರುವುದು ಒಂದೇ. ನಿನ್ನ ಬಾಗಿಲ ಹಿಂದಿನ ನೀಲಿ ಅಂಗಿ. ಅದನ್ನು ನನಗೆ ಕಳಿಸು. ಇಲ್ಲಿಂದ ಊರಿಗೆ ಹೋಗುವವರ ಕೈಯಲ್ಲಿ ನಾನೇ ಕೊಡುತ್ತೇನೆ.

ಬೀಗ ಹಾಕಿದವಳು ನಾನು. ಅವರನ್ನು ಮನೆಗಾದರೂ ಸೇರಿಸಬೇಕು.

ಧರಣಿ

*

ಕೆಸರೆ
1 ಡಿಸೆಂಬರ್ 2024

ನನ್ನ ಮಗಳೇ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ನಿನ್ನ ದುಃಖಕ್ಕೆ ನಾನು ಏನು ಬರೆದರೂ ಅದು ಸುಳ್ಳು. ಅದಕ್ಕೇ ಕೆಲಸದ ಮಾತು ಬರೆಯುತ್ತೇನೆ. ಅಂಗಿ ನಿನ್ನೆ ಹೋಯಿತು. ಮನೋಹರ ದೊಡ್ಡ ಪೋಸ್ಟಾಫೀಸಿಗೆ ಒಯ್ದು, ಎದುರಿಗೇ ಸೀಲು ಹಾಕಿಸಿ ಬಂದ.

ಏನೂ ಕಮ್ಮಿ ಮಾಡಿಲ್ಲ ಕಣಮ್ಮ. ಹಿರಿಯರ ಹಬ್ಬದಲ್ಲಿ ನಿಮ್ಮಪ್ಪನಿಗೆ, ನಿಮ್ಮವ್ವನಿಗೆ ಎಡೆ ಇಡುವಾಗ ಹೇಗೆ ಬಟ್ಟೆ ಇಡುತ್ತೇನೋ ಹಾಗೇ ಮಾಡಿದ್ದೇನೆ. ಸತ್ತವರ ಮುಂದೆ ಕೊಳೆ ಬಟ್ಟೆ ಇಡುವುದುಂಟೆ? ಅದರಲ್ಲೂ ಅವನ ತಾಯಿಯ ಕೈಗೆ ಹೋಗುವುದು. ಅಷ್ಟು ದೂರದ ಹೆಂಗಸು ತನ್ನ ಮಗ ಇದ್ದ ಮನೆ ಎಂಥದು ಎಂದು ಆ ಅಂಗಿಯಲ್ಲೇ ನೋಡುವುದು. ಕೆಸರೆಯವರು ಗಬ್ಬು ಜನ ಎಂದು ಅವಳ ಮನಸ್ಸಿಗೆ ಬರಬಾರದು. ಜೀವಮಾನವೆಲ್ಲ ಆ ಮಾತು ಕೇಳಿದ್ದೇವೆ.

ಮೊದಲು ತೋಳಿನ ಮಿಷನ್ ಎಣ್ಣೆಗೆ ಸೀಮೆಎಣ್ಣೆ ಹಚ್ಚಿ ಉಜ್ಜಿದೆ. ಒಂದು ರಾತ್ರಿ ಅಂಟುವಾಳದ ನೊರೆಯಲ್ಲಿ ನೆನೆಸಿ, ಬೆಳಿಗ್ಗೆ ಸೋಪು ಹಾಕಿ ಕಲ್ಲಿನ ಮೇಲೆ ಕುಕ್ಕಿದೆ. ಮೂರು ನೀರು. ಕಂಕುಳಿನ ಕಲೆ ಹೋಗಲಿಲ್ಲ, ನಿಂಬೆಹಣ್ಣು ತಿಕ್ಕಿದೆ, ಹೋಯಿತು. ಕೆಳಗಿನ ಗುಂಡಿ ಬಿದ್ದಿತ್ತು, ಅದೇ ನೀಲಿಯದು ಹುಡುಕಿ ಹೊಲೆದೆ. ಇಸ್ತ್ರಿಯವನು ಯಾರದು ಎಂದು ಕೇಳಿ, ದುಡ್ಡು ಬೇಡ ಎಂದ. ಆಮೇಲೆ ಒಂದು ದಿನ ಶ್ರೀಗಂಧದ ಕಡ್ಡಿಯ ಮಧ್ಯೆ ಮಡಿಸಿಟ್ಟೆ. ಧರಣಿ, ಹೊಸದರ ಹಾಗಿತ್ತು. ಲೋಕೇಶ ಕೂಡ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೋಡಿ ಹೋದ.

ಅವನ ತಾಯಿಗೆ ಹೇಳು, ನಿಮ್ಮ ಮಗ ಇಲ್ಲಿ ಒಂದು ದಿನವೂ ಉಪವಾಸ ಮಲಗಲಿಲ್ಲ ಎಂದು.

ನೀನು ಊಟ ಮಾಡು. ತಲುಪಿದ್ದಕ್ಕೆ ಒಂದು ಸಾಲು ಹಾಕು.

ದೊಡ್ಡವ್ವ

*

ದಾರ್ ಎಸ್ ಸಲಾಮ್
2 ಫೆಬ್ರವರಿ 2025

ದೊಡ್ಡವ್ವ,

ಪಾರ್ಸೆಲ್ ಮೊದಲು ಬಂತು, ನಿನ್ನ ಕಾಗದ ಅದರ ಹಿಂದೆ ಹನ್ನೊಂದು ದಿನ ಬಿಟ್ಟು.

ಪಾರ್ಸೆಲ್ ಬಂದ ದಿನ ನೀಮಾಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು ಬಿಚ್ಚಿದೆ. ಮುಖಕ್ಕೆ ಒತ್ತಿಕೊಂಡೆ. ಸೋಪು. ಶ್ರೀಗಂಧ. ಒಳಗೆ ಹೊರಗೆ ತಿರುಗಿಸಿ, ಕಾಲರ್ ಬಿಡಿಸಿ, ಕಂಕುಳ ಹೊಲಿಗೆ ಬಿಡಿಸಿ ನೋಡಿದೆ. ಎಲ್ಲೂ ಅವರು ಇರಲಿಲ್ಲ. ನಾನು ಒಗೆಯಬೇಡ ಎಂದು ಹೇಳಬೇಕಿತ್ತು. ಹೇಳಬೇಕು ಅನ್ನುವುದೇ ಹೊಳೆಯಲಿಲ್ಲ. ಗುರುತು ಹಿಡಿದು ಬರುತ್ತಾರೆ ಎಂದು ಬರೆದಿದ್ದೆನಲ್ಲ, ಅಷ್ಟು ಸಾಕು ಎಂದುಕೊಂಡೆ.

ಆದರೂ ಹೊಸ ವರ್ಷಕ್ಕೆ ಊರಿಗೆ ಹೋಗುವವರ ಕೈಯಲ್ಲಿ ಕಳಿಸಿದೆ. ಇನ್ನೇನು ಇತ್ತು? ಚೆನ್ ಅಜ್ಜ ಅಲ್ಲೇ ಇದ್ದರು, ಕರೆದ ದಿನ ಫೋನಿನಲ್ಲಿ ತೋರಿಸಿದರು. ತಾಯಿ ಬಹಳ ಸಣ್ಣ ಹೆಂಗಸು, ದೊಡ್ಡವ್ವ. ಅಂಗಿಯನ್ನು ಬಿದಿರಿನ ಕೋಲಿಗೆ ಕಟ್ಟಿ ಹಿಡಿದು ಕರೆದರು. ಒಬ್ಬ ಪೂಜಾರಿ ಎರಡು ಮರದ ತುಂಡು ನೆಲಕ್ಕೆ ಹಾಕುತ್ತಾನೆ. ಒಂದು ಕವುಚಿ, ಒಂದು ಅಂಗಾತ ಬಿದ್ದರೆ ಬಂದರು ಎಂದು ಅರ್ಥ. ಮೂರು ಸಂಜೆ ಹಾಕಿದರು. ಒಂದು ಸಲವೂ ಹಾಗೆ ಬೀಳಲಿಲ್ಲ. ಮೂರನೆಯ ಸಂಜೆ ತಾಯಿ ಅಂಗಿಯನ್ನು ಕೋಲಿನಿಂದ ಬಿಚ್ಚಿ ಮೂಗಿಗೆ ಹಿಡಿದು ಏನೋ ಹೇಳಿದರು. ಚೆನ್ ಅಜ್ಜ ನನಗೆ ಹೇಳಲು ಹಿಂಜರಿದರು. 'ಈ ಅಂಗಿಯಲ್ಲಿ ಯಾರೂ ಇಲ್ಲ. ಅಂಗಡಿಯಿಂದ ತಂದು ಕೊಟ್ಟಿದ್ದಾರೆ' ಎಂದರಂತೆ.

ಅವರ ಏಳನೆಯ ತಿಂಗಳು, ನಮ್ಮ ಆಗಸ್ಟ್ ಕೊನೆಗೆ ಬರುತ್ತದೆ, ಸತ್ತವರು ಓಡಾಡುವ ತಿಂಗಳಂತೆ. ಆಗ ಇನ್ನೊಂದು ಸಲ ಕರೆಯಬಹುದು. ಆದರೆ ಕರೆಯಲು ಕೈಯಲ್ಲಿ ಏನೂ ಇಲ್ಲ. ಅಲ್ಲಿಯವರೆಗೆ ಹೆಸರಿನ ಹಲಗೆ ಇಡುವುದಿಲ್ಲ. ಬೂದಿಯ ಡಬ್ಬ ಮನೆಯ ಹೊರಗೆ, ಸಿಂಪಿಯ ಬುಟ್ಟಿ ಇಡುವ ಚಪ್ಪರದಲ್ಲಿದೆ. ಹೊರಗೆ ಸತ್ತವರನ್ನು ಕರೆಯದೆ ಒಳಗೆ ಒಯ್ಯುವ ಹಾಗಿಲ್ಲ.

ಮೊನ್ನೆ ಅವರ ಹೊಸ ವರ್ಷ. ತಾಯಿಗೆ ಹೇಳುತ್ತೇನೆ ಎಂದಿದ್ದ ಹೊಸ ವರ್ಷ. ನಾನು ಯಾರು ಎಂದು ಅವರಿಗೆ ಈಗಲೂ ಗೊತ್ತಿಲ್ಲ. ಅವರ ಲೆಕ್ಕಕ್ಕೆ ಗೋಡೌನಿನ ಇಂಡಿಯಾ ಹುಡುಗಿ, ಅಷ್ಟೆ.

ನಿನ್ನ ಮೇಲೆ ಕೋಪ ಮಾಡಿಕೊಳ್ಳಲು ನೋಡಿದೆ. ಸೀಮೆಎಣ್ಣೆ, ಅಂಟುವಾಳ, ನಿಂಬೆಹಣ್ಣು ಎಂದು ಓದುತ್ತಾ ಆಗಲಿಲ್ಲ. ಆದರೆ ಸ್ವಲ್ಪ ದಿನ ಬರೆಯಬೇಡ. ನಿನ್ನ ಅಕ್ಷರ ನೋಡಿದರೆ ಆ ಸೋಪಿನ ವಾಸನೆ ಬರುತ್ತದೆ.

ಧರಣಿ

*

ಕೆಸರೆ
14 ಏಪ್ರಿಲ್ 2025

ಮಗಳೇ ಧರಣಿ,

ಬರೆಯಬೇಡ ಎಂದಿದ್ದೆ. ಎರಡು ತಿಂಗಳು ಬರೆಯಲಿಲ್ಲ. ಈಗ ಬರೆಯಲೇಬೇಕಾಗಿದೆ, ಕ್ಷಮಿಸು.

ಈ ಎರಡು ತಿಂಗಳು ನಾನು ಮಾಡಿದ್ದು ಒಂದೇ ಕೆಲಸ. ಆ ರೂಮಿನಲ್ಲಿ ಅವನ ಮೈ ಮುಟ್ಟಿದ್ದು ಏನಾದರೂ ಇದೆಯಾ ಎಂದು ಹುಡುಕಿದ್ದು. ದಿಂಬಿನ ಚೀಲ ನಾನು ಆಗಲೇ ಒಗೆದಿದ್ದೆ. ಚಾಪೆ ಒಗೆದಿದ್ದೆ. ಅವನು ಕುಡಿಯುತ್ತಿದ್ದ ಲೋಟ ಸಾವಿರ ಸಲ ಬೆಳಗಿದ್ದೆ. ನನ್ನ ಕೈ ಎಷ್ಟು ಚೊಕ್ಕಟ ನೋಡು. ಹೋದವನ ಗುರುತು ಒಂದೂ ಉಳಿಸಿಲ್ಲ. ಆ ಅಂಗಿ ಒಂದೇ ನಾಲ್ಕು ವರ್ಷ ತಪ್ಪಿಸಿಕೊಂಡಿತ್ತು, ಅದನ್ನೂ ಬಿಡಲಿಲ್ಲ. ಒಗೆದ ನೀರನ್ನು ಎಲ್ಲಿಗೆ ಚೆಲ್ಲಿದೆ ಎಂದು ಕೂಡ ನೆನಪಿದೆ, ಬಚ್ಚಲ ಹಿಂದಿನ ಕರಿಬೇವಿನ ಬುಡಕ್ಕೆ. ಆ ಗಿಡದಿಂದ ಎಲೆ ಕೀಳುವುದನ್ನು ಬಿಟ್ಟಿದ್ದೇನೆ.

ಒಂದು ವಿಷಯ ನಿನಗೆ ಹೇಳಿಲ್ಲ. ಮಿಷನ್ನು ಓಡಿದ ದಿನ ಅವನು ಖುಷಿಯಾಗಿ ಊಟಕ್ಕೆ ಬಂದ. ನಾನು ತಟ್ಟೆ ಇಟ್ಟು, 'ನಮ್ಮನೆ ಅನ್ನ ತಿಂದು ನಮ್ಮ ಅನ್ನಕ್ಕೇ ಮಣ್ಣು ಹಾಕ್ದೆಯಲ್ಲೋ, ನಿನ್ನ ಮನೆ ಸೇರ್ದೆ ಹೋಗ' ಎಂದೆ. ಅವನಿಗೆ ಆಗ ಕನ್ನಡ ಬರುತ್ತಿರಲಿಲ್ಲ. ನಕ್ಕು 'ಸಾಕು, ಸಾಕು' ಎಂದ. ಅನ್ನ ಸಾಕು ಎಂದು ಹೇಳಿದ್ದು. ನಾನು ಮಾತಿಗೆ ಅಂದದ್ದು, ಮಗಳೇ, ಒಳಗಿನಿಂದಲ್ಲ. ಆದರೂ ಅಂದೆ.

ಇನ್ನೊಂದು. ನೀನು ಅಂಗಿಯನ್ನು ಚೀನಾಕ್ಕೆ ಕಳಿಸು ಎನ್ನಲಿಲ್ಲ, ನನಗೆ ಕಳಿಸು ಎಂದೆ. ಅಂಗಿ ಬೇಕಾಗಿದ್ದದ್ದು ಅವನ ತಾಯಿಗೆ ಮಾತ್ರ ಅಲ್ಲ ಎಂದು ನನಗೆ ಆಗಲೇ ತಿಳಿಯಬೇಕಿತ್ತು. ದೊಡ್ಡ ಮೀನಿನ ಉಂಡೆ ಯಾರ ಬಟ್ಟಲಿಗೆ ಬೀಳುತ್ತದೆ ಎಂದು ಓದಿದವಳಿಗೆ ತಿಳಿಯಬೇಕಿತ್ತು. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳಿದ್ದರೆ ಒಗೆಯುತ್ತಿರಲಿಲ್ಲ.

ಇವತ್ತು ಬಾಬಾಸಾಹೇಬರ ಜಯಂತಿ. ಅದಕ್ಕೆಂದು ಮೊನ್ನೆ ಮನೆಗೆ ಸುಣ್ಣ ಹೊಡೆಸಿದೆವು. ಮನೋಹರ ಅಟ್ಟದ ಮೇಲಿಂದ ನನ್ನ ಹೊಸೆಯುವ ಮಣೆ ಇಳಿಸಿದ. ಮಣೆಯ ಹಿಂದೆ ಒಂದು ಬಿಸ್ಕತ್ತಿನ ಡಬ್ಬ. 'ಇದೇನವ್ವ, ಇಲಿ ಕಡ್ದಂಗವೆ, ಬಿಸಾಕ್ಲಾ?' ಎಂದ. ಅವನ ಕೈ ಹಿಡಿದುಕೊಂಡುಬಿಟ್ಟೆ.

ಲಿಂಗಣ್ಣ ಹೊಸೆದ ಕಡ್ಡಿ. ಹದಿನೇಳು ಇವೆ.

ಮಸಾಲೆ ಒಣಗಿ ಕಲ್ಲಾಗಿದೆ. ಮೂಗಿಗೆ ಹಿಡಿದರೆ ಮಸಾಲೆಯದೇ ವಾಸನೆ, ಅವನದು ಅಂತ ಏನೂ ಇಲ್ಲ, ನಿನಗೆ ಸುಳ್ಳು ಹೇಳುವುದಿಲ್ಲ. ಆದರೆ ಬೆಳಕಿಗೆ ಹಿಡಿದೆ. ನಲವತ್ತು ವರ್ಷ ಹೊಸೆದವಳು ನಾನು. ಕಲಿತ ಕೈ ಅಂಗೈಯಲ್ಲಿ ಹೊಸೆಯುತ್ತದೆ, ಗುರುತು ಬೀಳುವುದಿಲ್ಲ. ಕಲಿಯದವನು ಹೆದರಿ ಹೆಬ್ಬೆರಳಲ್ಲಿ ಒತ್ತುತ್ತಾನೆ. ಅವನು ಒತ್ತಿದ್ದಾನೆ. ಪ್ರತಿ ಕಡ್ಡಿಯ ಮೇಲೂ ಹೆಬ್ಬೆರಳಿನ ಗೆರೆ ಗೆರೆಯೂ ಹಾಗೇ ಕೂತಿದೆ. ಆ ಮಸಾಲೆಗೆ ನೀರು ಕಮ್ಮಿಯಾಗಿತ್ತು, ಮೇ ತಿಂಗಳ ಬಿಸಿಲು, ಅವನ ಮುಖದಿಂದ ಬೆವರು ಮಣೆಯ ಮೇಲೆ ತೊಟ್ಟಿಕ್ಕುತ್ತಿತ್ತು, 'ಉಪ್ಪು ಹಾಕ್ಬೇಡ ಕಣೋ ಮಸಾಲೆಗೆ' ಎಂದು ನೀನೇ ರೇಗಿಸಿದ್ದೆ. ಆ ಬೆವರು ಇದರಲ್ಲೇ ಇದೆ. ಎಲ್ಲಿಗೂ ಹೋಗಿಲ್ಲ.

ಬಟ್ಟೆಯ ಬದಲು ಇದು ನಡೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಅವರ ಪೂಜಾರಿಯನ್ನು ಕೇಳಲಿ. ಹದಿನೈದು ಅವನ ತಾಯಿಗೆ. ಎರಡು ನಿನಗೆ. ನನಗೆ ಬೇಡ. ನಾನು ಇವನ್ನು ಒರೆಸಿಲ್ಲ, ತೊಳೆದಿಲ್ಲ, ಮೇಲಿನ ಧೂಳೂ ಕೊಡವಿಲ್ಲ. ಡಬ್ಬದಿಂದ ಬಟ್ಟೆಗೆ ಸುರಿದು ಕಟ್ಟಿದ್ದೇನೆ, ಕೈಯಲ್ಲಿ ಮುಟ್ಟಿದ್ದು ಒಂದನ್ನು ಮಾತ್ರ, ಬೆಳಕಿಗೆ ಹಿಡಿಯಲು. ಇಲ್ಲಿಂದ ಆಗಸ್ಟಿಗೆ ನಾಲ್ಕು ತಿಂಗಳಿದೆ, ತಲುಪುತ್ತದೆ.

ಚೆನ್ ಅಜ್ಜನಿಗೆ ಹೇಳಿ ಕಳಿಸು. ತಾಯಿ ಕರೆಯುವಾಗ ಬಟ್ಟಲಲ್ಲಿ ಅಕ್ಕಿ ಇಟ್ಟು ಅದರಲ್ಲಿ ನೆಟ್ಟೇ ಹಚ್ಚಲಿ. ಅವತ್ತು ಅವನು ಬೇಡ ಎಂದದ್ದು ನಿಜ. ಅವತ್ತು ಬದುಕಿದ್ದ.

ನಿನ್ನೆ ಸಂಜೆ ನಾನೂ ಒಂದು ಸಲ ಕರೆದು ನೋಡಿದೆ. ಮೊದಲಿನ ಹಾಗೆ ಮೆಟ್ಟಿಲ ಕೆಳಗೆ ನಿಂತು, 'ಲಿಂಗಣ್ಣ, ಊಟಕ್ಕೆ ಬಾರೋ' ಎಂದೆ. ಮನೋಹರ ಬಂದು 'ಯಾರ್ನವ್ವ ಕರೀತಿದ್ದೀ?' ಎಂದು ನನ್ನ ಮುಖ ನೋಡಿ ಆಟೋ ಒರೆಸಲು ಹೋದ. ರೂಮು ಲೋಕೇಶನ ಬಾಮೈದನಿಗೆ ಕೊಟ್ಟಿದ್ದೇನೆ. ಮೊಳೆ ಕೀಳಬೇಡ ಎಂದಿದ್ದೇನೆ.

ನಿನ್ನ ಬೀಗ, ನನ್ನ ಸೋಪು. ನಾವಿಬ್ಬರೂ ಅವನಿಗೆ ಒಳ್ಳೆಯದನ್ನೇ ಮಾಡಲು ಹೋದೆವು. ಇದಕ್ಕಿಂತ ಹೆಚ್ಚು ಸಮಾಧಾನ ನನ್ನ ಹತ್ತಿರ ಇಲ್ಲ, ಇದ್ದಿದ್ದರೆ ಕಳಿಸುತ್ತಿದ್ದೆ.

ಆಗಸ್ಟಿನಲ್ಲಿ ಆ ಮರದ ತುಂಡುಗಳು ಹೇಗೆ ಬಿದ್ದವು ಎಂದು ನನಗೆ ಬರೆಯಬೇಕು. ಡಬ್ಬ ಒಳಗೆ ಹೋಯಿತೋ, ಚಪ್ಪರದಲ್ಲೇ ಇದೆಯೋ ಬರೆಯಬೇಕು. ಅವನು ಬರಲಿಲ್ಲ ಎಂದಾದರೂ ಬರೆ. ತಡ ಮಾಡಬೇಡ ಮಗಳೇ, ನನಗೂ ವಯಸ್ಸಾಯಿತು, ಬೇಗ ಬರೆ.

ನಿನ್ನ ದೊಡ್ಡವ್ವ
ಮಂಚಮ್ಮ